ಡೇರಿಗೆ ಹೋದ ಹಿಪ್ಪುನೇರಳೆ ಸೊಪ್ಪು

ಕತ್ತರಿ ಹುಡುಕೋಣವೆಂದು ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದೆ. ಒಳಗೊಂದು ಹಳೆಯ ರೇಷ್ಮೆಗೂಡು ಉರುಳಾಡುತ್ತಿತ್ತು. ಕತ್ತರಿಯ ಕಥೆ ಅಲ್ಲಿಗೆ ಮುಗಿಯಿತು. ಅದು ಯಾತಕ್ಕೆ ಬೇಕಿತ್ತೋ ಇನ್ನೂ ನೆನಪಾಗಿಲ್ಲ. ನಿಮಗೇನಾದರೂ ಹೊಳೆದರೆ ಹೇಳಿ.

ಗೂಡು ಕೈಲಾಂಚ ಎಂಬ ಊರಿನ ನನ್ನ ತವರುಮನೆಯದು. ಅಪ್ಪ ರೇಷ್ಮೆಹುಳು ಸಾಕುತ್ತಾರೆ ಎಂದು ಊರು ಹೇಳುತ್ತಿತ್ತು. ಸಾಕುತ್ತಿದ್ದವಳು ಅವ್ವ. ಅಪ್ಪನನ್ನೂ ಅವಳೇ ಸಾಕುತ್ತಿದ್ದಳು. ಸೊಪ್ಪು ಕುಯ್ಯಲು ಹೋದ ಅಪ್ಪ ಪಕ್ಕದ ತೋಟದ ಮೋಟಾರು ರಿಪೇರಿಗೆ ಕೂತುಬಿಡುವುದು, ಇತ್ತ ಸೊಪ್ಪು ಬಾಡುವುದು, ಬಾಡಿದ್ದನ್ನು ಹುಳು ಮುಟ್ಟದಿರುವುದು ನಮ್ಮಲ್ಲಿ ಮಾಮೂಲು.

ಒಂದು ಬೆಳಿಗ್ಗೆ ದೊಡ್ಡಪ್ಪ ಒಂದೇ ಉಸಿರಿಗೆ, "ಲೇ, ಹುಳಕ್ಕೆ ಸೊಪ್ಪಾಕು, ಡೇರಿಗೆ ಹಾಲಾಕು, ಬತ್ತಾ ಒಸಿ ಸುಣ್ಣ ತತ್ತಾ" ಎಂದರು. ಅಪ್ಪ ಹಾಲಿನ ಕ್ಯಾನನ್ನು ಹುಳುಮನೆಯಲ್ಲಿಟ್ಟು, ಸೊಪ್ಪಿನ ಹೊರೆ ಹೊತ್ತು ಡೇರಿಯ ಸಾಲಿನಲ್ಲಿ ನಿಂತರು. ಸರದಿ ಬರುವ ತನಕ ನಿಂತರು.

"ಏನಣ್ಣೋ, ಇವತ್ತು ನಿಮ್ಮ ಹಸ ಸೊಪ್ಪು ಕೊಟ್ಬುಡ್ತಾ?" ಎಂದನಂತೆ ಹಾಲು ಅಳೆಯುವವನು.

ದೊಡ್ಡಪ್ಪ ಊರಿಗೆಲ್ಲ ಕೇಳುವಂತೆ ಕೂಗಾಡಿದರು. ಅವ್ವ ಒಲೆ ಊದುತ್ತಲೇ, "ಅವ್ರಿಗೆ ಒಂದ್ಸಲಕ್ಕೆ ಒಂದೇ ಕೆಲ್ಸ ಹೇಳ್ಬೇಕು ಭಾವ. ಮೂರು ಹೇಳುದ್ರೆ ತಪ್ಪು ನಮ್ದೇಯ" ಎಂದಳು. ಅವ್ವ ಓದಿದವಳಲ್ಲ, ತಾಳ್ಮೆಯವಳೂ ಅಲ್ಲ. ನಮ್ಮನ್ನೆಲ್ಲ ಚೆನ್ನಾಗಿಯೇ ಬೈಯುತ್ತಿದ್ದಳು. ಅಪ್ಪನನ್ನು ಮಾತ್ರ ಬೈಯಲಿಲ್ಲ.

ನನ್ನ ಮಗಳು ಭೂಮಿಗೆ ಈಗ ಎಂಟು ವರ್ಷ. ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲವೆಂದು ಮೇಡಂ ಅವಳೊಬ್ಬಳನ್ನೇ ಬಾಗಿಲ ಬಳಿ ಕೂರಿಸಿದರು. ಅವತ್ತಿನಿಂದ, "ನನ್ನ ತಲೇನೇ ಕೆಟ್ಟದ್ದು, ಸ್ಕೂಲಿಗೆ ಹೋಗಲ್ಲ" ಎಂದು ಹಟ.

ನಾವಿರುವ ರಾಮನಗರದಲ್ಲೇ ಡಾಕ್ಟರಿಗೆ ತೋರಿಸಿದೆವು. ಎಡಿಎಚ್‌ಡಿ ಎಂದರು. ಗಮನ ಒಂದೆಡೆ ನಿಲ್ಲದ ತೊಂದರೆ, ಹಟವಲ್ಲ, ದಡ್ಡತನವಲ್ಲ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ ಎಂದರು. ಆಮೇಲೆ ಇನ್ನೂ ಬಹಳ ಹೇಳಿದರು. ಗೋಡೆಯ ಮೇಲೊಂದು ಹಲ್ಲಿ ಇತ್ತು, ನಾನು ಅದನ್ನೇ ನೋಡುತ್ತಿದ್ದೆ.

"ಮನೇಲಿ ಇನ್ಯಾರಿಗಾದರೂ ಹೀಗೆ ಇದೆಯಾ?"

"ಇಲ್ಲ ಡಾಕ್ಟ್ರೇ, ಯಾರಿಗೂ ಇಲ್ಲ" ಎಂದೆ.

ಡಾಕ್ಟರು ಮೇಜಿನ ಕಡೆ ನೋಡಿದರು. ಅವರ ಪೆನ್ನಿನ ಮುಚ್ಚಳ, ರೀಫಿಲ್ಲು, ಸ್ಪ್ರಿಂಗು ನನ್ನ ಮುಂದೆ ಸಾಲಾಗಿ ಮಲಗಿದ್ದವು. "ಆಗಲಿ. ಮುಂದಿನ ಸಲ ನಿಮ್ಮ ಬಗ್ಗೆಯೂ ಮಾತಾಡೋಣ" ಎಂದರು. ನನ್ನ ಗಂಡ ಛಾವಣಿ ನೋಡುತ್ತಿದ್ದರು. ನಗು ತಡೆಯಲು ಅವರು ಹಾಗೆ ಮಾಡುತ್ತಾರೆ.

ಇವತ್ತು ಗೂಡನ್ನು ಭೂಮಿಯ ಕೈಗಿಟ್ಟು ಡೇರಿಯ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು.

"ತಾತಂಗೆ ಅಜ್ಜಿ ಬೈಲೇ ಇಲ್ವಾ?"

"ಇಲ್ಲ ಕಣೆ."

"ನಿಂಗೂ ಅದೇ ಐತಲ್ಲ, ನಿಂಗ್ಯಾರು ಬೈತಾರೆ?"

"ನಾನೇ ಬೈಕೋತೀನಿ."

ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ ಯೋಚಿಸಿದಳು. "ಬೈಕೋಬೇಡಮ್ಮ. ನೀನೇನು ಬೇಕೂಂತ ಮಾಡ್ತೀಯಾ?"

ಅವಳಿಗೆ ಈ ಮಾತನ್ನು ನಾನು ಇವತ್ತಿನವರೆಗೂ ಹೇಳಿರಲಿಲ್ಲ. "ನೀನೂ ಬೇಕೂಂತ ಮಾಡಲ್ಲ ಕಣೆ ಚಿನ್ನ" ಎಂದೆ.

ಗೂಡನ್ನು ನನ್ನ ಕೈಗೆ ವಾಪಸ್ಸಿಟ್ಟಳು. ಆಮೇಲೆ, "ನಾಳೆಗೆ ಯೂನಿಫಾರಂ ಒಗ್ದಿದ್ದೀಯಾ?" ಎಂದಳು.

ಒಗೆದಿರಲಿಲ್ಲ. ಬಚ್ಚಲಿಗೆ ಓಡಿದೆ.