ದೋಣಿಗೆ ಸೋಮವಾರದ ನೀರು

ಗೋಕಾಕದ ಬಸ್ ನಿಲ್ದಾಣದ ಹೊರಗೆ ವೀಳ್ಯದೆಲೆ ಮಾರುವ ಹೆಂಗಸು ಬುಟ್ಟಿಗೆ ಹೊದಿಸಿದ್ದ ಗೋಣಿತಟ್ಟಿನ ಮೇಲೆ ನೀರು ಚಿಮುಕಿಸಿದಳು. ಹಸಿ ಗೋಣಿಯ ವಾಸನೆ ಮೂಗಿಗೆ ಬಂತು... ನಾನು ನಿಂತಲ್ಲೇ ನಿಂತುಬಿಟ್ಟೆ. ಎದುರಿಗಿದ್ದ ಹುಕ್ಕೇರಿ ಬಸ್ಸು ನನ್ನನ್ನು ಬಿಟ್ಟೇ ಹೋಯಿತು. “ಎಷ್ಟ ಕೊಡ್ಲಿರೀ ಅಕ್ಕಾರ?” ಎಂದು ಅವಳು ಕೇಳಿದಾಗ, ಮನೆಯಲ್ಲಿ ಎಲೆ ಹಾಕುವವರು ಯಾರೂ ಇಲ್ಲದಿದ್ದರೂ ಒಂದು ಕಟ್ಟು ಕೊಂಡೆ. ಅಷ್ಟು ಹೊತ್ತು ಬುಟ್ಟಿಯ ಮುಂದೆ ನಿಂತು ಬರಿಗೈಯಲ್ಲಿ ಹೋದರೆ ಚೆಂದವೇ?

ನೆನಪಾದವರು ನಮ್ಮ ಬಾಜೂ ಮನೆಯ ಟೇಲರ ಕಾಕಾ. ನಮ್ಮೂರು ಅಣೆಕಟ್ಟಿನ ಹಿನ್ನೀರಿನ ದಂಡೆಗಿದೆ. ಹರೆಯದಲ್ಲಿ ರತ್ನಾಗಿರಿ ಕಡೆ ಹಾಯಿ ಹೊಲಿಯುವ ಅಂಗಡಿಯಲ್ಲಿ ದುಡಿದು ಬಂದಿದ್ದ ಅವರು, ಊರಲ್ಲಿ ಜಂಪರು, ಸಾಲೆಯ ಚಡ್ಡಿ ಹೊಲಿಯುತ್ತಲೇ ತಮ್ಮ ಕೈಯಾರೆ ಒಂದು ಹಾಯಿದೋಣಿ ಮಾಡಿಕೊಂಡಿದ್ದರು. ಹಲಗೆ ಹಳೆಯ ಬಾಗಿಲುಗಳದ್ದು, ಹಾಯಿ ಗೊಬ್ಬರದ ಚೀಲಗಳದ್ದು. ಹಲಗೆಗಳ ಸಂದಿಗೆ ಡಾಂಬರಿನಲ್ಲಿ ಅದ್ದಿದ ಬಟ್ಟೆಚೂರುಗಳನ್ನು ತುರುಕಿದ್ದರು. ಊರ ಹೆಂಗಸರೆಲ್ಲರ ಜಂಪರಿನ ಒಂದೊಂದು ಚೂರು ಆ ದೋಣಿಯಲ್ಲಿತ್ತು, ನನ್ನದೂ ಇತ್ತು. ಇಷ್ಟೆಲ್ಲ ಮಾಡಿದ ಪುಣ್ಯಾತ್ಮನಿಗೆ ಈಜಲು ಮಾತ್ರ ಬರುತ್ತಿರಲಿಲ್ಲ!

ಚಳಿ ಬಿತ್ತೆಂದರೆ ಅವರಿಗೆ ದಮ್ಮು ಏಳುತ್ತಿತ್ತು. ಹಾಗಾಗಿ ದೀಪಾವಳಿ ಮುಗಿಯುತ್ತಲೇ ದೋಣಿ ಚಕ್ಕಡಿಯ ಮೇಲೆ ನಮ್ಮ ಮನೆಗೆ ಬರುತ್ತಿತ್ತು. ಅವರದು ಒಂದೇ ಕೋಣೆಯ ಮನೆ. ನಮ್ಮ ಹಿತ್ತಿಲಲ್ಲಿ ದನಕ್ಕೆ ಹೊಟ್ಟು ತುಂಬಿಡುವ, ಕಲ್ಲುಗೋಡೆಯ ತಂಪು ಕೋಣೆಯಿತ್ತು. ಅಲ್ಲಿ ದೋಣಿಯನ್ನು ಬೋರಲು ಮಲಗಿಸಿ, ಹೊಂಗೆ ಎಣ್ಣೆ ಸವರಿ, ಗೋಣಿತಟ್ಟು ಹೊದಿಸುವುದು. ಒಣಗಾಳಿಗೆ ಹಲಗೆ ಬಿರಿಯದಂತೆ ವಾರಕ್ಕೊಮ್ಮೆ ಆ ತಟ್ಟುಗಳನ್ನು ನೆನೆಸುವುದು ನನ್ನ ಕೆಲಸ. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಅಂದು ಕೊಟ್ಟಿಗೆ ತೊಳೆದ ಮೇಲೆ ನಾಲ್ಕು ಕೊಡ ನೀರು ದೋಣಿಗೆ ಹೋಗುತ್ತಿತ್ತು. ಹೊಟ್ಟಿನ ಧೂಳು ದಮ್ಮಿಗೆ ಆಗದೆಂದು ಕಾಕಾ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಗೋಡೆಯಾಚೆಯಿಂದಲೇ, “ನೀರ ಹಾಕಿದೇನ ಯವ್ವಾ?” ಎಂದು ಕೇಳುವರು. “ಹಾಕೇನ್ರಿ ಕಾಕಾ” ಎಂದರೆ ಮುಗಿಯಿತು, ಮತ್ತೆ ಹೊಲಿಗೆ ಯಂತ್ರದ ಸಪ್ಪಳ.

ಒಂದು ಸೋಮವಾರ ಅವರ ಹೆಂಡತಿ, ನಮ್ಮ ಕಾಕು, ನನ್ನ ಬೆನ್ನ ಹಿಂದೆಯೇ ಹೊಟ್ಟಿನ ಕೋಣೆಗೆ ಬಂದರು. ಓಣಿಯನ್ನೆಲ್ಲ ನಗಿಸುವ ಹೆಂಗಸು, ಅಂದು ನನ್ನ ಕೊಡ ಹಿಡಿದುಕೊಂಡು ಅಳುತ್ತಿದ್ದರು.

“ಈ ವರ್ಷ ನೀರ ಹಾಕಬ್ಯಾಡ ಯವ್ವಾ. ಒಣಗಿ ಬಿರಿತು ಅಂದ್ರ ತಾವ ಕೈ ಬಿಡ್ತಾರ. ಒಂದಿನ ಆ ನೀರಾಗ... ನನಗ ರಾತ್ರಿ ನಿದ್ದಿ ಇಲ್ಲ.”

ನನಗೂ ಆ ದೋಣಿಯ ಅಂಜಿಕೆಯೇ ಇತ್ತು. ಒಪ್ಪಿಕೊಂಡೆ. ಅಂದಿನಿಂದ ಪ್ರತಿ ಸೋಮವಾರ ಗೋಡೆಯಾಚೆಯ ಪ್ರಶ್ನೆಗೆ “ಹಾಕೇನ್ರಿ ಕಾಕಾ” ಎಂದು ಸುಳ್ಳು ಹೇಳಿದೆ. ಮೊದಲ ಸಲ ನಾಲಿಗೆ ತಡವರಿಸಿತು. ಆಮೇಲೆ ರೂಢಿಯಾಯಿತು.

ಹೋಳಿ ಹುಣ್ಣಿಮೆ ಮುಗಿದು ದೋಣಿ ಹೊರಬಂದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಲಗೆ ಬಿರಿದು ಹೋಳಾಗಿರುತ್ತದೆ ಎಂದುಕೊಂಡಿದ್ದೆವು. ಹೊರಗಿನಿಂದ ಏನೂ ಕಾಣಲಿಲ್ಲ. ಡಾಂಬರು, ಬಟ್ಟೆಚೂರು ಬಿರುಕುಗಳನ್ನೆಲ್ಲ ಮುಚ್ಚಿಕೊಂಡಿದ್ದವು. ಚಳಿಗಾಲವೆಲ್ಲ ನೀರುಂಡ ದೋಣಿ ಎಂಬ ನಂಬಿಕೆಯಲ್ಲಿ ಕಾಕಾ ಅದನ್ನು ನೇರ ನೀರಿಗೆ ಇಳಿಸಿದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಕಾಕು ನನ್ನ ಮಣಿಕಟ್ಟು ಹಿಡಿದಿದ್ದರು. ಅವರು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವರು...

ಗಾಳಿ ಜೋರಿತ್ತು. ನೋಡುನೋಡುತ್ತಲೇ ಬಿಳಿ ಹಾಯಿ ನಡುನೀರಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಹಾಯಿ ಒಂದು ಕಡೆ ವಾಲಿತು. ಆಮೇಲೆ ಹಾಯಿಯೇ ಕಾಣಲಿಲ್ಲ. ಕಾಕು ದಂಡೆಯ ಕೆಸರಿನಲ್ಲಿ ಕುಸಿದು ಕೂತು, “ನಾನ ಕೊಂದ್ನಿ, ನಾನ ಕೊಂದ್ನಿ” ಎನ್ನುತ್ತಿದ್ದರು. ಇಬ್ಬರೂ ಕೊಂದೆವು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಗಾಳಿ ತುಂಬಿದ ಲಾರಿ ಟ್ಯೂಬಿನ ಮೇಲೆ ಕೂತು ಮೀನು ಹಿಡಿಯುವವನೊಬ್ಬ ಅವರನ್ನು ಎಳೆದು ತಂದ. ಕಾಕಾ ಅಂಚಿನವರೆಗೆ ನೀರು ತುಂಬಿದ ದೋಣಿಯಲ್ಲಿ ಕೂತು, ಊಟದ ಡಬ್ಬಿಯಿಂದ ಇನ್ನೂ ನೀರು ಚೆಲ್ಲುತ್ತಲೇ ಇದ್ದರು. ದಂಡೆಗೆ ಬಂದು ನಡುಗುತ್ತ ನಿಂತು, ಬಟ್ಟೆ ಪರೀಕ್ಷಿಸುವವರ ಹಾಗೆ ಬೆರಳಿನಿಂದ ಒಂದೊಂದೇ ಹಲಗೆಯನ್ನು ಸವರಿ ನೋಡಿದರು. ನಮ್ಮ ಮುಖ ನೋಡಲಿಲ್ಲ. “ಒಂದೀಟ ನೀರ ಕುಡೀತ ನೋಡ” ಎಂದಷ್ಟೇ ಹೇಳಿದರು.

ಮುಂದಿನ ದೀಪಾವಳಿಗೆ ಚಕ್ಕಡಿಯ ಸದ್ದು ಕೇಳಿ ಹೊರಗೆ ಓಡಿಬಂದೆ. ದೋಣಿ ಮತ್ತೆ ನಮ್ಮ ಮನೆಗೇ ಬಂದಿತ್ತು. “ನಿನ್ನ ಕಡೆ ಇದ್ರ ನನಗ ಕಾಳಜಿ ಇಲ್ಲವ್ವಾ” ಎಂದರು ಕಾಕಾ. ನಮ್ಮ ಸುಳ್ಳು ಅವರಿಗೆ ಗೊತ್ತಿಲ್ಲ ಎಂದುಕೊಂಡೆ. ಆಮೇಲೆ ಎಷ್ಟು ಚಳಿಗಾಲಗಳು ಬಂದವೋ, ಒಂದು ಸೋಮವಾರವನ್ನೂ ನಾನು ತಪ್ಪಿಸಲಿಲ್ಲ. ಹೋಳಿ ಬಂತೆಂದರೆ ಮಾತ್ರ ನನಗೂ ಕಾಕುವಿಗೂ ಅನ್ನ ಇಳಿಯುತ್ತಿರಲಿಲ್ಲ.

ಕೊನೆಯ ಚಳಿಗಾಲದಲ್ಲಿ ಕಾಕಾರ ದಮ್ಮು ಇಳಿಯಲೇ ಇಲ್ಲ. ಹಾಸಿಗೆಯ ಬಾಜೂ ನನ್ನನ್ನು ಕೂರಿಸಿಕೊಂಡು, ಉಸಿರಿಗೆ ಉಸಿರು ಜೋಡಿಸುತ್ತ ಹೇಳಿದರು: “ಈ ವರ್ಷ ನೀರ ಹಾಕಬ್ಯಾಡ ಯವ್ವಾ. ಈ ಸಲ ಕದ್ದು ಮುಚ್ಚಿ ಬ್ಯಾಡ... ನಾನ ಹೇಳಾಕತ್ತೇನಿ.”

ಕಾಕು ಒಲೆಯ ಮುಂದೆ ತಲೆ ಎತ್ತದೆ ಕೂತಿದ್ದರು. ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ದೋಣಿಯನ್ನು ನನ್ನ ಕೈಗೇ ಕೊಟ್ಟಿದ್ದರು. ಅವರ ಮಾತು ನಾನು ಕೇಳಲಿಲ್ಲ. ಸೋಮವಾರವಷ್ಟೇ ಅಲ್ಲ, ದಿನಾ ನೀರು ಹಾಕಿದೆ. ನಿಲ್ಲಿಸಿದರೆ ಕಾಕಾ ಹೋಗಿಬಿಡುತ್ತಾರೆ ಎಂಬ ಹುಚ್ಚು ಅಂಜಿಕೆ. ಹೋಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಹೋದರು.

ಗೋಕಾಕದಿಂದ ಮುಂದಿನ ಬಸ್ಸು ಹಿಡಿದು ನಾನು ಊರು ಮುಟ್ಟಿದಾಗ ಹೊತ್ತು ಇಳಿದಿತ್ತು. ಅಂದು ಸೋಮವಾರ. ಕೈಯಲ್ಲಿ ಎಲೆಯ ಕಟ್ಟು ಹಿಡಿದುಕೊಂಡೇ ಹಿತ್ತಿಲಿಗೆ ಹೋದೆ. ಹೊಟ್ಟಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಾಕು ಬಾಗಿದ ಬೆನ್ನಿನಲ್ಲಿ ಒಂದು ಕೊಡ ನೀರನ್ನು ಗೋಣಿತಟ್ಟಿನ ಮೇಲೆ ಸುರಿಯುತ್ತಿದ್ದರು.

“ತಡಾ ಮಾಡಿದೆಲ್ಲ ಯವ್ವಾ. ಒಣಗಿ ಬಿರಿತು ಅಂದ್ರ ಏನ ಮಾಡೂದು?” ಎಂದರು.

ಆ ದೋಣಿಯನ್ನು ನೀರಿಗಿಳಿಸುವವರು ಈಗ ಯಾರೂ ಇಲ್ಲ. ನಾನು ಅವರ ಕೈಯಿಂದ ಕೊಡ ತೆಗೆದುಕೊಂಡು ಇನ್ನೊಂದು ಕೊಡ ನೀರು ತರಲು ಹೋದೆ.