ಹೆಬ್ಬಾಳದಲ್ಲಿ ಏನೂ ನಡೆಯುವುದಿಲ್ಲ

ಬೆಂಗಳೂರಿನಲ್ಲಿ ಅನ್ನ ಬೇರೆ, ಅನ್ನ ಆಗುವುದು ಬೇರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನನಗೆ ಇದನ್ನು ಗಂಭೀರವಾಗಿ ಹೇಳಿಕೊಟ್ಟರು. ಅನ್ನ ಯಾವ ಕ್ಷಣದಲ್ಲಿ ನೋಡಿದರೂ ಪೂರ್ತಿ ಇರುವ ವಸ್ತು. ಬೇಯುವುದು ಹೊತ್ತಿನುದ್ದಕ್ಕೂ ಹರಡಿಕೊಂಡ ಕ್ರಿಯೆ, ನೋಡಿದಾಗಲೆಲ್ಲ ಅದರ ಒಂದು ತುಣುಕಷ್ಟೇ ಸಿಗುತ್ತದೆ. ಗದಗಿನ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ ನಾನು, ಆ ವಿಭಾಗವೇ ಮುಚ್ಚಿಹೋದ ಮೇಲೆ ಐವತ್ತರ ಹೊಸ್ತಿಲಲ್ಲಿ ಇಲ್ಲಿಗೆ ಬಂದವಳು. ಲೋಕದಲ್ಲಿ ಏನೇನಿದೆ, ಏನೇನು ನಡೆಯುತ್ತದೆ ಎಂಬುದನ್ನು ಯಂತ್ರಕ್ಕೆ ತಿಳಿಯುವ ಕಟ್ಟುನಿಟ್ಟಿನ ಭಾಷೆಯಲ್ಲಿ ಬರೆದಿಡುವುದು ನಮ್ಮ ಕಸುಬು. ಅದಕ್ಕೆ ಆಂಟಾಲಜಿ ಎನ್ನುತ್ತಾರೆ. ಇಂಥದ್ದಕ್ಕೂ ಸಂಬಳವಿದೆ ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ತಿಂಗಳ ಕೊನೆಯವರೆಗೆ ನಾನೂ ನಂಬುವುದಿಲ್ಲ.

ಮನೆ ಅಟ್ಟೂರಿನಲ್ಲಿ, ಆಫೀಸು ಹೆಬ್ಬಾಳದಲ್ಲಿ. ಗದಗಿನಲ್ಲಿ ಊರು ದಾಟುವ ಹೊತ್ತಿನಲ್ಲಿ ಇಲ್ಲಿ ಒಂದು ಸಿಗ್ನಲ್ ದಾಟಿದರೆ ಪುಣ್ಯ. ತಡವಾದೀತೆಂಬ ಹೆದರಿಕೆಗೆ ನಾನು ಎಲ್ಲಿಗೂ ಬಹಳ ಮುಂಚೆ ಹೊರಡುತ್ತೇನೆ. ಮನೆಯ ಒಡತಿ ಮುನಿಯಮ್ಮ, ಇದೇ ಊರಿನ ಹಳೇ ಒಕ್ಕಲು ಮನೆತನದವರು, ಗೇಟಿನಲ್ಲಿ ನಿಂತು ಕೇಳುತ್ತಾರೆ: "ಏನ್ ಟೀಚರಮ್ಮಾ, ಇಷ್ಟ್ ಬೇಗ ಒಂಟ್ರಾ? ಆಪೀಸ್ ಬಾಗ್ಲೂ ನೀವೇ ತೆಗೀತೀರಾ?"

ಅವರು ಕೊಟ್ಟ ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ನುಂಗಲಾಗದ್ದು ಕಿರಣನ ನಗು.

ಕಿರಣ ನಮ್ಮ ತಂಡದ ಮುಖ್ಯಸ್ಥ, ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವ. ವಿಮಾನಗಳಿಗೆ ಊಟ ಕಳಿಸುವ, ಚಿಕ್ಕಜಾಲದ ಕಡೆಯ ಒಂದು ಅಡುಗೆಮನೆಯ ಕೆಲಸವನ್ನು ಬರೆಯುತ್ತಿದ್ದೆವು: ಬೇಯಿಸುವುದು, ತುಂಬುವುದು, ಲಾರಿಗೇರಿಸುವುದು. ನಡುವೆ ನಾನು, ತುಂಬಿದ ಅನ್ನ ಲಾರಿಗಾಗಿ ಕಾದಿರುವ ಹೊತ್ತಿಗೆಂದು, 'ಕಾಯುವಿಕೆ' ಎಂಬ ಕ್ರಿಯೆಯನ್ನು ಸೇರಿಸಿದ್ದೆ. ಪ್ರತಿ ಕ್ರಿಯೆಗೂ ಒಂದು ಸ್ಥಳ ಇರಲೇಬೇಕೆಂಬ ನಿಯಮವನ್ನೂ. ಕಿರಣ ಎಲ್ಲರೆದುರು ಕಾಯುವಿಕೆಯನ್ನು ಅಳಿಸಿದ.

"ಮೇಡಂ, ಕಾಯೋದ್ರಲ್ಲಿ ಏನ್ ನಡೆಯುತ್ತೆ ಹೇಳಿ? ಏನೂ ನಡೆಯಲ್ಲ. ನಿಮ್ ಗದಗ್ ಬಸ್‌ಸ್ಟ್ಯಾಂಡ್ ಅಲ್ಲ ಇದು."

ಎಲ್ಲರೂ ನಕ್ಕರು. ಸುಡುಗಾಡು, ನಾನೂ ನಕ್ಕೆ. ಆಮೇಲೆ ಅವನು, "ನಿಮ್ಮನ್ನ ಖಾಯಂ ಮಾಡೋ ಬಗ್ಗೆ ಸ್ವಲ್ಪ ಯೋಚ್ನೆ ಮಾಡ್ಬೇಕಾಗುತ್ತೆ" ಎಂದ. ಅಂದಿನಿಂದ ಸೇಡನ್ನು ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ದಿನಾ ಕೈಯಾಡಿಸುತ್ತಿದ್ದೆ. ಅಳಿಸುವ ಮುಂಚಿನ ಪ್ರತಿಯನ್ನೂ ಕಾಪಾಡಿಕೊಂಡೆ.

ಅಡುಗೆಮನೆಯವರಿಗೆ ಕೆಲಸ ತೋರಿಸುವ ದಿನ, ಎಂದಿನಂತೆ ಬೇಗ ಹೋಗಿ ಚಿಕ್ಕಜಾಲದಲ್ಲಿ ಕೂತಿದ್ದೆ. ಕಿರಣನ ಫೋನು ಬಂತು.

"ಮೇಡಂ, ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕೊಂಡಿದೀನಿ. ಆಗ್ಲಿಂದ ಕಾಯ್ತಾನೇ ಇದೀನಿ."

ಈ ಒಂದು ಮಾತಿಗಾಗಿಯೇ ನಾನು ಗದಗು ಬಿಟ್ಟು ಬಂದೆನೇನೋ ಅನ್ನಿಸಿತು.

"ಕಾಯೂದ್ರಾಗ ಏನ್ ನಡೀತೈತ್ರಿ ಸರ್? ಏನೂ ನಡ್ಯಂಗಿಲ್ಲಲ್ರಿ."

ಹಾರ್ನುಗಳ ಸದ್ದಿನ ನಡುವೆ ಕಿರಣ, "ನೀವೇ ತೋರಿಸ್ಬಿಡಿ, ಪ್ಲೀಸ್" ಎಂದ.

ತೋರಿಸಿದೆ, ನನ್ನ ಪ್ರತಿಯನ್ನು. ಅಲ್ಲಿಯ ಮ್ಯಾನೇಜರ್ ಕೇಳಿದ್ದು ಒಂದೇ: ಬೆಂದಾಗ ಚೆನ್ನಾಗಿದ್ದ ಅನ್ನ ಲಾರಿಗೇರುವಷ್ಟರಲ್ಲಿ ಹಳಸುವುದೇಕೆ? ಕಿರಣನ ಪ್ರತಿಯಲ್ಲಿ ಆ ನಡುವೆ ಏನೂ ನಡೆದಿರಲಿಲ್ಲ. ನನ್ನದರಲ್ಲಿ ಯಂತ್ರ ಉತ್ತರ ಕೊಟ್ಟಿತು: ಕಾಯುವಿಕೆ; ಅದರ ಸ್ಥಳ, ಬಿಸಿಲು ಬೀಳುವ ಲಾರಿ ಕಟ್ಟೆ. ನನ್ನ ಕೆಲಸ ಖಾಯಂ ಆಯಿತು. ಕಿರಣ ತನ್ನ ಕೈಯಾರೆ ಕಾಯುವಿಕೆಯನ್ನು ಮತ್ತೆ ಸೇರಿಸುವಾಗ ಹಿಂದೆ ನಿಂತು ನೋಡಿದೆ. "ನಿಧಾನ ಬರೀರಿ ಸರ್, ನಾ ಕಾಯ್ತೀನಿ" ಎಂದೆ. ಅಂದು ಮುದ್ದೆ ಹೋಳಿಗೆಯಂತಿತ್ತು.

ಸಂಜೆ ಗದಗಿನಿಂದ ತಂಗಿಯ ಫೋನು. "ಖಾಯಂ ಆತಂದ್ರ ಇನ್ ಊರಿಗೆ ಬರಂಗಿಲ್ಲ ಬಿಡಕ್ಕಾ ನೀ."

"ಬರ್ತೀನವಾ" ಎಂದೆ.

ಗೇಟಿನಲ್ಲಿ ಮುನಿಯಮ್ಮ: "ಇನ್ ಇಲ್ಲೇ ತಾನೇ ಟೀಚರಮ್ಮಾ?"

"ಇಲ್ಲೇರಿ" ಎಂದೆ.

ಇಬ್ಬರಲ್ಲಿ ಯಾರಿಗೆ ಸುಳ್ಳು ಹೇಳಿದೆ ಎಂಬ ಚಿಂತೆ ಹತ್ತಿಕೊಂಡಿದೆ. ನಾನು ಏನನ್ನೋ ಕಾಯುತ್ತಿರುವುದಂತೂ ನಿಜ. ಎಲ್ಲಿ ನಿಂತು ಎಂದರೆ ಗದಗು ಎನ್ನಲೂ ಬಾಯಿ ಬರುವುದಿಲ್ಲ, ಅಟ್ಟೂರು ಎನ್ನಲೂ. ಸ್ಥಳ ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ. ಆ ನಿಯಮ ಬರೆದವಳು ನಾನೇ.