ಮೊಮ್ಮಗ ಮತ್ತೆ ವಿಸಿಲ್ ಊದಿದ

ನನ್ನ ಮೊಮ್ಮಗ ಇವತ್ತು ಮತ್ತೆ ಬಸ್ಸು ಹತ್ತಿದ! ಪ್ರಯಾಣಿಕನಾಗಿ ಅಲ್ಲ, ಕಂಡಕ್ಟರಾಗಿ. ಹೆಗಲಿಗೆ ಚರ್ಮದ ಚೀಲ, ಬಾಯಲ್ಲಿ ವಿಸಿಲ್. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ. ಮುಂದಿನ ಸೀಟಿನಲ್ಲಿ ನಾನೇ, ದಿಬ್ಬಣಕ್ಕೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು ಕೂತಿದ್ದೆ. ಹತ್ತಿದವರಿಗೆಲ್ಲ "ನನ್ನ ಮೊಮ್ಮಗ" ಎಂದು ತೋರಿಸಿದ್ದೇ ತೋರಿಸಿದ್ದು.

"ಅಜ್ಜೀ, ಸುಮ್ನೆ ಕೂರು ಮಾರಾಯ್ತಿ. ಬಸ್ಸಿಂದ ಇಳಿಸ್ತೀನಿ ನೋಡು."

ಇಳಿಸುವುದರಲ್ಲಿ ಅವನು ಹೆಸರುವಾಸಿಯೇ. ಹೋದ ವರ್ಷ ಗಾಂಜಾ ಸೇದಿ ಸೇದಿ, ಊರೆಲ್ಲ ತನ್ನ ಬಗ್ಗೆಯೇ ಪಿಸುಗುಡುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಒಂದು ದಿನ ನಡುದಾರಿಯಲ್ಲಿ ವಿಸಿಲ್ ಊದಿ, "ನನ್ನ ಬಗ್ಗೆ ಮಾತಾಡ್ದೋರೆಲ್ಲ ಇಳೀರಿ" ಎಂದನಂತೆ. ಪಾಪ, ಅವರು ಅಡಿಕೆ ರೇಟಿನ ಮಾತಾಡುತ್ತಿದ್ದರು. ಬನದ ದೇವತೆ ಚೌಡಿಯ ಕಾಟ ಎಂದು ನನ್ನ ಮಗ ಕೋಳಿ ಕೊಯ್ದ. ಚೌಡಿಗೆ ಸಂತೋಷವಾಗಿರಬಹುದು, ಹುಡುಗ ಇದ್ದ ಹಾಗೇ ಇದ್ದ.

ನಾನು ಓದಿದ್ದು ಎರಡನೇ ಕ್ಲಾಸು. ಆದರೂ, ಕೊನೆಗೆ ಅವನನ್ನು ತೋರಿಸಿದ ಮನಸ್ಸಿನ ಡಾಕ್ಟರಮ್ಮ ಹೇಳಿದ್ದು ನನಗೆ ಚೆನ್ನಾಗಿ ತಿಳಿಯಿತು.

"ಅಜ್ಜಿ, ಮೆದುಳಲ್ಲಿ ಡೋಪಮೈನ್ ಅಂತ ಒಂದು ರಾಸಾಯನಿಕ ಇರತ್ತೆ. 'ಇದು ಮುಖ್ಯ, ಇತ್ಲಾಗೆ ನೋಡು' ಅಂತ ವಿಸಿಲ್ ಊದೋದು ಅದ್ರ ಕೆಲಸ. ಗಾಂಜಾದಿಂದ ಕೆಲವರಿಗೆ ಅದು ಹದ ತಪ್ಪತ್ತೆ. ಇವನ ತಲೇಲಿ ವಿಸಿಲ್ ನಿಲ್ತಾನೇ ಇಲ್ಲ. ಯಾರು ಕೆಮ್ಮಿದ್ರೂ ತನಗೇ ಅಂತ ಕಾಣತ್ತೆ."

"ಹಂಗಾರೆ ಆ ದರಿದ್ರ ಬಿಡೋಕೆ ಎಂತ ಕಷ್ಟ ಇವನಿಗೆ?"

"ನಿಮ್ ಬಾಯಲ್ಲಿ ಎಂತ ಇದೆ ಅಜ್ಜಿ?"

ಹೊಗೆಸೊಪ್ಪು! ಊಟವಾದ ಕೂಡಲೇ ಎಲೆಯಡಿಕೆಯ ಕವಳ ನೆನಪಾಗುವುದೂ ಅದೇ ವಿಸಿಲ್ಲಂತೆ. ಹೊರಗೆ ಹೋಗಿ ಉಗಿದು ಬಂದೆ. ಮೊಮ್ಮಗ ಎಷ್ಟೋ ದಿನಗಳ ಮೇಲೆ ಅವತ್ತು ನಕ್ಕ.

ಮಾತ್ರೆ ಹಿಡಿಯಿತು. ಗಾಂಜಾ ಬಿಟ್ಟ, ನಡುವೆ ಒಮ್ಮೆ ಜಾರಿದ, ಮತ್ತೆ ಬಿಟ್ಟ. ಮಾತ್ರೆ ನಿಲ್ಲಿಸದೆ ಕೆಲಸಕ್ಕೆ ಹೋಗು ಎಂದರು ಡಾಕ್ಟರಮ್ಮ. ಆದರೆ ತುಂಬಿದ ಬಸ್ಸಿನ ಗಲಾಟೆಯನ್ನು ಹುಡುಗ ತಡೆದಾನೇ? ಆ ಹೆದರಿಕೆಗೇ ನಾನೂ ಹತ್ತಿದ್ದು.

ಹೊಸನಗರದಲ್ಲಿ ಇಬ್ಬರು ಹೆಂಗಸರು ಹತ್ತಿ ನನ್ನ ಹಿಂದೆ ಕೂತರು.

"ಇವ್ನೇ ಅಲ್ವನೇ, ಜನಾನ ರಸ್ತೇಲಿ ಇಳಿಸಿದ್ದ ಹುಚ್ಚ?"

ನನ್ನ ಮಂದ ಕಿವಿಗೇ ಕೇಳಿಸಿತು. ಟಿಕೆಟ್ ಹರಿಯುತ್ತಿದ್ದವನ ಕೈ ನಿಂತಿತು. ಬಗ್ಗಿ ನನ್ನ ಕಿವಿಯಲ್ಲಿ ಕೇಳಿದ:

"ಅಜ್ಜಿ, ಅವ್ರು ನಿಜವಾಗ್ಲೂ ನನ್ ಬಗ್ಗೆ ಮಾತಾಡ್ತಿದಾರಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ತನ್ನ ಕಿವಿಯನ್ನು ಅವನು ಇನ್ನು ನಂಬುವುದು ಹೇಗೆ?

"ಹೌದು ಮಗಾ, ನಿನ್ ಬಗ್ಗೇನೇ."

"ಅಬ್ಬ! ಬದುಕ್ದೆ! ಇದು ತಲೆ ಒಳಗಿನ ವಿಸಿಲ್ ಅಲ್ಲ!" ಎಂದು ಜೋರಾಗಿ ನಕ್ಕು, ಅವರ ಕಡೆ ತಿರುಗಿದ. "ಅಕ್ಕ, ಆ ಹುಚ್ಚ ನಾನೇ. ಈಗ ಮಾತ್ರೆ ತಗೊಳ್ತಿದೀನಿ. ನೀವು ಟಿಕೆಟ್ ತಗೊಳ್ಳಿ."

ಬಸ್ಸಿಗೆ ಬಸ್ಸೇ ನಕ್ಕಿತು. ಆ ಹೆಂಗಸು ನಾಚಿ, "ಎರಡು ತೀರ್ಥಹಳ್ಳಿ ಕೊಡು ತಮ್ಮಾ" ಎಂದಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಸಂಜೆ ಮಗ, ಸೊಸೆ, ಮಗಳು, ಅಳಿಯ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಕಡುಬು, ಮೀನು ಸಾರು. ಬಸ್ಸಿನಲ್ಲಿ ನಾನು ಬಾಯಿ ತೆರೆದು ಕೂತಿದ್ದನ್ನು ಮೊಮ್ಮಗ ನಟಿಸಿ ತೋರಿಸಿದ. ಅಳಿಯನಿಗೆ ಸಾರು ನೆತ್ತಿಗೇರಿತು. ಸೊಸೆ ತನ್ನ ಮಗನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು.

"ಸಾಕಮ್ಮಾ" ಎನ್ನುತ್ತಲೇ ಅವನು ಅದನ್ನೂ ಮುರಿದು ಸಾರಿಗೆ ಅದ್ದಿದ.